ತಂತಿ ದಾಟಿಹೋದ ಊರಿಗೆ ತರಂಗ ಬಂತು

1902ರ ಜೂನ್ 30ರಂದು ಮಳವಳ್ಳಿ ಸೀಮೆಯ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು 147 ಕಿಲೋಮೀಟರ್ ತಂತಿಯ ಮೇಲೆ ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಇಷ್ಟು ದೂರ ವಿದ್ಯುತ್ ಸಾಗಿಸಿದ ಮಾರ್ಗಗಳು ಆಗ ಜಗತ್ತಿನಲ್ಲೇ ಬೆರಳೆಣಿಕೆಯಷ್ಟಿದ್ದವು. ಯೋಜನೆಗೆ ರೂಪ ಕೊಟ್ಟವರು ಮೈಸೂರು ಸಂಸ್ಥಾನದ ಇಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯೇರ್. ಅದರ ಬೆನ್ನಿಗೆ ನಿಂತ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಹಿಂದಿನ ವರ್ಷವೇ ತೀರಿಕೊಂಡಿದ್ದರು. 1905ರಲ್ಲಿ ಅದೇ ನೀರಿನ ಬಲದಿಂದ ಬೆಂಗಳೂರಿನ ಬೀದಿದೀಪಗಳು ಹತ್ತಿಕೊಂಡವು. ಆದರೆ ಆ ಬಲ ಹುಟ್ಟಿದ ನೆಲದಲ್ಲಿ, ಕಾವೇರಿಯ ದಂಡೆಯ ಹಳ್ಳಿಗಳಲ್ಲಿ, ಸೀಮೆಎಣ್ಣೆ ಬುಡ್ಡಿಯೇ ಇನ್ನೂ ಹಲವು ದಶಕ ಉರಿಯಿತು. ತಂತಿ ಊರನ್ನು ದಾಟಿ ದೂರ ಹೋಯಿತು.

ಅದೇ 1902ರಲ್ಲಿ, ಜಗತ್ತಿನ ಇನ್ನೆರಡು ಮೂಲೆಗಳಲ್ಲಿ, ಇಬ್ಬರು ವಿದ್ಯುತ್ ತಜ್ಞರು ಒಬ್ಬರಿಗೊಬ್ಬರು ತಿಳಿಯದಂತೆ ಒಂದೇ ಮಾತನ್ನು ಬರೆದರು. ಭೂಮಿಯ ಮೇಲೆ, ಬಹಳ ಎತ್ತರದಲ್ಲಿ, ವಿದ್ಯುತ್ತನ್ನು ಹರಿಯಗೊಡುವ ಒಂದು ಪದರ ಇರಬೇಕು; ನಿಸ್ತಂತು ಅಲೆಗಳು ಅದಕ್ಕೆ ತಾಗಿ ಮತ್ತೆ ನೆಲಕ್ಕೆ ಮರಳುತ್ತಿರಬೇಕು ಎಂದು. ಇಂಗ್ಲೆಂಡಿನ ಆಲಿವರ್ ಹೆವಿಸೈಡ್ ಒಬ್ಬರು. ಇನ್ನೊಬ್ಬರು ಅಮೆರಿಕದಲ್ಲಿ ನೆಲೆಸಿದ್ದ ಆರ್ಥರ್ ಕೆನೆಲಿ. 1861ರಲ್ಲಿ ಮುಂಬಯಿಯ ಕೊಲಾಬಾದಲ್ಲಿ ಹುಟ್ಟಿದವರು.

ಶಿವನಸಮುದ್ರದ ಸಾಹಸವನ್ನು ನಮ್ಮ ಇತಿಹಾಸ ಹೆಮ್ಮೆಯಿಂದ ಬರೆದಿಟ್ಟಿದೆ. ಕೆನೆಲಿ ಮತ್ತು ಹೆವಿಸೈಡ್ ಊಹಿಸಿದ ಪದರಕ್ಕೂ ಮಂಡ್ಯ, ಮದ್ದೂರು, ಮಳವಳ್ಳಿಯ ಹಳ್ಳಿಗಳಿಗೂ ಇರುವ ನಂಟನ್ನು ಬರೆದವರು ಕಡಿಮೆ. ತಂತಿ ತಲುಪದಿದ್ದ ಮನೆಗಳಿಗೆ ಮೊದಲು ಬಂದದ್ದು ತರಂಗ. ಆ ಬರವಿನ ಕಥೆಯನ್ನು ಹೇಳದೆ ಈ ಸೀಮೆಯ ಇಪ್ಪತ್ತನೆಯ ಶತಮಾನ ಪೂರ್ತಿಯಾಗುವುದಿಲ್ಲ.

ತಂತಿ ಬಿಟ್ಟ ವಿದ್ಯುತ್ತು

ಶಿವನಸಮುದ್ರದ ಮೊದಲ ಜನರೇಟರುಗಳ ವಿದ್ಯುತ್ತು ಸೆಕೆಂಡಿಗೆ 25 ಆವರ್ತಗಳನ್ನು ಪೂರೈಸುತ್ತಿತ್ತು. ಅಷ್ಟು ನಿಧಾನವಾಗಿ ಅತ್ತಿತ್ತ ತೂಗುವ ವಿದ್ಯುತ್ತು ತಂತಿಯನ್ನು ಬಿಟ್ಟು ಹೋಗುವುದು ಇಲ್ಲವೆಂಬಷ್ಟು ಕಡಿಮೆ. ಅದರ ಅಲೆಯ ಉದ್ದ 12,000 ಕಿಲೋಮೀಟರ್. ಆ ಉದ್ದದ ಎದುರು 147 ಕಿಲೋಮೀಟರಿನ ತಂತಿ ತೀರಾ ಗಿಡ್ಡದು. ಅಲೆಯನ್ನು ಆಕಾಶಕ್ಕೆ ಎಸೆಯುವ ಶಕ್ತಿ ಅದಕ್ಕಿಲ್ಲ. ಅದೇ ವಿದ್ಯುತ್ತು ಸೆಕೆಂಡಿಗೆ ಲಕ್ಷಾಂತರ ಬಾರಿ ತೂಗಿದರೆ ಅಲೆಯ ಉದ್ದ ಕೆಲವು ನೂರು ಮೀಟರಿಗೆ ಇಳಿಯುತ್ತದೆ. ಆಗ ನೂರು ಮೀಟರ್ ಎತ್ತರದ ಒಂದು ಕಂಬ ಸಾಕು. ಶಕ್ತಿ ಲೋಹವನ್ನು ಬಿಟ್ಟು ಬಯಲಿಗೆ ಹೊರಡುತ್ತದೆ.

ಹೊರಟ ಅಲೆ ಎಷ್ಟು ದೂರ ಹೋಗುತ್ತದೆ ಎಂಬುದು ಶತಮಾನದ ಆರಂಭದ ದೊಡ್ಡ ಒಗಟಾಗಿತ್ತು. ಬೆಳಕಿನಂತೆ ರೇಡಿಯೋ ಅಲೆಯೂ ನೇರವಾಗಿ ಸಾಗಬೇಕು, ಭೂಮಿ ದುಂಡಗಿರುವುದರಿಂದ ದಿಗಂತದ ಆಚೆಗೆ ಅದು ಕೇಳಿಸಬಾರದು ಎಂದು ಪಂಡಿತರು ನಂಬಿದ್ದರು. 1901ರ ಡಿಸೆಂಬರ್ 12ರಂದು ಇಂಗ್ಲೆಂಡಿನ ಪೋಲ್ಡು ಎಂಬಲ್ಲಿಂದ ಕಳಿಸಿದ ಸಂಕೇತ ಅಟ್ಲಾಂಟಿಕ್ ಸಾಗರದ ಆಚೆ ನ್ಯೂಫೌಂಡ್‌ಲ್ಯಾಂಡಿನಲ್ಲಿ ತಮಗೆ ಕೇಳಿಸಿತು ಎಂದು ಮಾರ್ಕೋನಿ ಸಾರಿದರು. ಮರುವರ್ಷದ ಫೆಬ್ರವರಿಯಲ್ಲಿ ‘ಫಿಲಡೆಲ್ಫಿಯಾ’ ಹಡಗಿನಲ್ಲಿ ಪಯಣಿಸುತ್ತ ಅವರು ಇನ್ನೊಂದು ಸಂಗತಿ ಕಂಡುಕೊಂಡರು. ಹಗಲಿನಲ್ಲಿ ಸುಮಾರು 700 ಮೈಲಿಗೆ ನಿಂತುಹೋಗುತ್ತಿದ್ದ ಸಂಕೇತ ರಾತ್ರಿಯಲ್ಲಿ 2,000 ಮೈಲಿಯ ಆಚೆಗೂ ಸಿಕ್ಕುತ್ತಿತ್ತು. ಸೂರ್ಯನಿಗೂ ಅಲೆಗೂ ಏನೋ ಸಂಬಂಧವಿದೆ ಎಂಬುದು ಅಲ್ಲಿಗೆ ಖಚಿತವಾಯಿತು. ಕೆನೆಲಿ ಮತ್ತು ಹೆವಿಸೈಡ್ ಅವರ ಬರಹಗಳು ಬಂದದ್ದು ಈ ಬೆರಗಿನ ಬೆನ್ನಲ್ಲೇ.

ಊಹೆಗೆ ಪುರಾವೆ ಸಿಗಲು 22 ವರ್ಷ ಬೇಕಾಯಿತು. 1924ರ ಡಿಸೆಂಬರಿನಲ್ಲಿ ಎಡ್ವರ್ಡ್ ಆಪಲ್ಟನ್ ಮತ್ತು ಅವರ ಶಿಷ್ಯ ಮೈಲ್ಸ್ ಬಾರ್ನೆಟ್ ಬಿಬಿಸಿಯ ಬೋರ್ನ್‌ಮತ್ ಕೇಂದ್ರದ ಪ್ರಸಾರವನ್ನು ಆಕ್ಸ್‌ಫರ್ಡಿನಲ್ಲಿ ಹಿಡಿದರು. ನೆಲದ ಮೇಲೆ ನೇರವಾಗಿ ಬಂದ ಅಲೆ ಒಂದು, ಮೇಲಿನಿಂದ ಮರಳಿದ ಅಲೆ ಇನ್ನೊಂದು. ಎರಡೂ ಕೂಡಿದಾಗ ಹುಟ್ಟುವ ಏರಿಳಿತವನ್ನು ಅಳೆದು, ಪದರ ಸುಮಾರು ನೂರು ಕಿಲೋಮೀಟರ್ ಎತ್ತರದಲ್ಲಿದೆ ಎಂದು ಲೆಕ್ಕ ಹಾಕಿದರು. ಈ ಶೋಧಗಳಿಗೆ 1947ರಲ್ಲಿ ಆಪಲ್ಟನ್ ಅವರಿಗೆ ನೊಬೆಲ್ ಬಂತು. ಭಾರತದಲ್ಲಿ ಈ ಅಧ್ಯಯನಕ್ಕೆ ಬೇರು ಕೊಟ್ಟವರು ಕಲ್ಕತ್ತೆಯ ಶಿಶಿರ್ ಕುಮಾರ್ ಮಿತ್ರ. ಮೇಲಣ ವಾಯುಮಂಡಲವನ್ನು ಕುರಿತು 1947ರಲ್ಲಿ ಅವರು ಹೊರತಂದ ಗ್ರಂಥವನ್ನು ಜಗತ್ತಿನ ವಿಜ್ಞಾನಿಗಳೆಲ್ಲ ಕೈಗೆತ್ತಿಕೊಂಡರು. ಸೂರ್ಯನ ಅತಿನೇರಳೆ ಕಿರಣ ಮತ್ತು ಕ್ಷಕಿರಣಗಳು ಗಾಳಿಯ ಕಣಗಳಿಂದ ಎಲೆಕ್ಟ್ರಾನುಗಳನ್ನು ಬಿಡಿಸಿ ರೂಪಿಸುವ ಈ ವಲಯವೇ ಅಯಾನುಗೋಳ.

ಮೈಸೂರಿನ ಮನೆಯೊಂದರ ದನಿ

1935ರ ಸೆಪ್ಟೆಂಬರ್ 10ರಂದು ಮೈಸೂರಿನ ‘ವಿಠ್ಠಲ ವಿಹಾರ’ ಎಂಬ ಮನೆಯಿಂದ ಒಂದು ದನಿ ಬಯಲಿಗೆ ಬಂತು. ಮನೆಯ ಒಡೆಯರು ಮಹಾರಾಜಾ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ. ಅವರು ತರಿಸಿಕೊಂಡ ಪ್ರೇಷಕದ ಬಲ 30 ವ್ಯಾಟ್, ಹಳೆಯ ಕಾಲದ ಒಂದು ಮಂದ ಬಲ್ಬಿನಷ್ಟು. ಮುಂದೆ 250 ವ್ಯಾಟಿನ ಯಂತ್ರ ಬಂತು. ಈ ಕೇಂದ್ರದ ಜತೆ ದುಡಿದವರಲ್ಲಿ ಸಾಹಿತಿ ನಾ. ಕಸ್ತೂರಿ ಒಬ್ಬರು. ‘ಆಕಾಶವಾಣಿ’ ಎಂಬ ಹೆಸರು ನಿಂತದ್ದು ಇಲ್ಲೇ. ಮುಂದೆ ಇಡೀ ದೇಶದ ರೇಡಿಯೋ ಅದೇ ಹೆಸರನ್ನು ಹೊತ್ತಿತು. ಒಬ್ಬ ಅಧ್ಯಾಪಕ ತನ್ನ ಆಸಕ್ತಿಯಿಂದ, ತನ್ನ ಮನೆಯಲ್ಲಿ ಆರಂಭಿಸಿದ ಕೇಂದ್ರವನ್ನು 1940ರ ದಶಕದ ಮೊದಲಲ್ಲಿ ಮೈಸೂರು ಸಂಸ್ಥಾನವೇ ವಹಿಸಿಕೊಂಡಿತು. ವಿದ್ಯೆಯನ್ನು ಗೋಡೆಗಳಾಚೆಗೆ ಒಯ್ಯಬೇಕೆಂದು ಒಬ್ಬ ಮೇಷ್ಟ್ರು ಹಟ ತೊಟ್ಟದ್ದರಿಂದ ಕನ್ನಡ ನಾಡಿನ ಪ್ರಸಾರ ಹುಟ್ಟಿತು ಎಂಬುದನ್ನು ನಾವು ಮತ್ತೆ ಮತ್ತೆ ನೆನೆಯಬೇಕು.

1930ರ ದಶಕದಲ್ಲೇ ಮಂಡ್ಯದ ನೆಲವೂ ಬದಲಾಗುತ್ತಿತ್ತು. ಕನ್ನಂಬಾಡಿ ಕಟ್ಟೆಯ ನೀರು ನಾಲೆಯಲ್ಲಿ ಹರಿದು ಬಂದು ರಾಗಿ ಹೊಲಗಳು ಗದ್ದೆಗಳಾದವು, ಕಬ್ಬು ಎದ್ದು ನಿಂತಿತು, ಸಕ್ಕರೆ ಕಾರ್ಖಾನೆ ಹೊಗೆಯಾಡಿತು. 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯಾಯಿತು. ಆದರೂ ರೇಡಿಯೋ ಎಂಬುದು ಉಳ್ಳವರ ಮನೆಯ ವಸ್ತು. ಕವಾಟಗಳ ದೊಡ್ಡ ಪೆಟ್ಟಿಗೆ, ಮಾಳಿಗೆಯ ಮೇಲೆ ಎಳೆದ ಏರಿಯಲ್ ತಂತಿ, ಕರೆಂಟಿಲ್ಲದ ಊರಾದರೆ ಭಾರವಾದ ಬ್ಯಾಟರಿ, ಅದಕ್ಕೆಲ್ಲ ಮೇಲೆ ಅಂಚೆ ಕಚೇರಿಯಲ್ಲಿ ಕಟ್ಟುವ ಲೈಸೆನ್ಸ್ ಹಣ.

ಗುಡ್ಡ ಬಳಸಿ ಬಂದ ಅಲೆ

1955ರ ನವೆಂಬರ್ 2ರಂದು ಬೆಂಗಳೂರು ಆಕಾಶವಾಣಿ ಆರಂಭವಾಯಿತು. ಮೈಸೂರಿನ ಕೇಂದ್ರ ಬೆಂಗಳೂರಿಗೆ ಸರಿಯಿತು. ಮೈಸೂರಿಗೆ ಮತ್ತೆ ತನ್ನ ನಿಲಯ ಸಿಕ್ಕಿದ್ದು 1974ರಲ್ಲಿ. ನಡುವಿನ ಎರಡು ದಶಕ ಮಂಡ್ಯ ಸೀಮೆ ಕಿವಿಗೊಟ್ಟದ್ದು ಬೆಂಗಳೂರಿನ ಮಧ್ಯಮ ತರಂಗಕ್ಕೆ.

ಬೆಂಗಳೂರಿಗೂ ಮದ್ದೂರಿಗೂ ರಸ್ತೆಯಲ್ಲಿ ಸುಮಾರು 80 ಕಿಲೋಮೀಟರ್. ನಡುವೆ ರಾಮನಗರದ ಬಂಡೆಬೆಟ್ಟಗಳ ಸಾಲು. ಇಂದಿನ ಎಫ್‌ಎಂ ಅಲೆಯ ಉದ್ದ ಸುಮಾರು 3 ಮೀಟರ್. ಅಂಥ ಗಿಡ್ಡ ಅಲೆ ಬೆಟ್ಟಕ್ಕೆ ತಾಗಿದರೆ ಹಿಂದೆ ನೆರಳು ಬೀಳುತ್ತದೆ. ನೂರು ಮೀಟರಿನ ಗೋಪುರದಿಂದ ಹೊರಟರೆ 40 ಕಿಲೋಮೀಟರಿನ ಆಸುಪಾಸಿನಲ್ಲಿ ದಿಗಂತ ಅದನ್ನು ಮರೆಮಾಡುತ್ತದೆ. ಬೆಂಗಳೂರು ಕೇಂದ್ರದ 612 ಕಿಲೋಹರ್ಟ್ಸ್ ಅಲೆಯ ಉದ್ದ ಹೆಚ್ಚು ಕಡಿಮೆ 490 ಮೀಟರ್. ಅದು ಬೆಟ್ಟದ ಎತ್ತರಕ್ಕೆ ಸಾಟಿಯಾದದ್ದು. ಗುಡ್ಡವನ್ನು ಬಳಸಿ, ಬಾಗಿ, ಹಿಂದಿನ ಕಣಿವೆಗೂ ಇಳಿಯುತ್ತದೆ. ನೆಲವನ್ನು ತಬ್ಬಿಕೊಂಡೇ ಭೂಮಿಯ ದುಂಡಿಗೆ ತಕ್ಕಂತೆ ಮುಂದೆ ಸಾಗುತ್ತದೆ. ಇದಕ್ಕೆ ನೆಲದಲೆ ಎಂದು ಹೆಸರು. ಆವರ್ತನ ಇಳಿದಷ್ಟೂ ನೆಲದಲೆಯ ಓಟ ಉದ್ದ.

ಸಾಗುವಾಗ ಆ ಅಲೆ ನೆಲದಲ್ಲಿ ಸಣ್ಣ ಪ್ರವಾಹಗಳನ್ನು ಎಬ್ಬಿಸುತ್ತದೆ. ಆ ಪ್ರವಾಹಕ್ಕೆ ನೆಲ ಒಡ್ಡುವ ತಡೆಯೇ ಅಲೆಯ ನಷ್ಟ. ಒಣಗಿದ ಬಂಡೆನೆಲ ಹೆಚ್ಚು ಕಸಿಯುತ್ತದೆ. ನೀರುಂಡ ನೆಲ ಕಡಿಮೆ ಕಸಿಯುತ್ತದೆ. ಉಪ್ಪುನೀರಿನ ಕಡಲು ಎಲ್ಲಕ್ಕಿಂತ ಕಡಿಮೆ. ನಾಲೆಯ ನೀರು ತೊಯ್ಸಿದ ಗದ್ದೆಬಯಲು ಭತ್ತಕ್ಕೆ ಹೇಗೋ ಹಾಗೆ ಮಧ್ಯಮ ತರಂಗಕ್ಕೂ ಒಳ್ಳೆಯ ನೆಲ. ಪ್ರೇಷಕ ಕಂಬದ ಬುಡದಲ್ಲೂ ಇದೇ ವಿದ್ಯೆ ಕೆಲಸ ಮಾಡುತ್ತದೆ. ಕಂಬದ ಸುತ್ತ ನೆಲದೊಳಗೆ ತಾಮ್ರದ ತಂತಿಗಳನ್ನು ಹೂತು, ಭೂಮಿಯನ್ನೇ ಏರಿಯಲ್ಲಿನ ಅರ್ಧ ಭಾಗವನ್ನಾಗಿ ಮಾಡಿಕೊಳ್ಳುತ್ತಾರೆ.

ಉದ್ಘೋಷಕರು ಪ್ರಸಾರದ ಮೊದಲಿಗೆ ತರಂಗಾಂತರವನ್ನು ಮೀಟರಿನಲ್ಲೂ ಕಿಲೋಹರ್ಟ್ಸಿನಲ್ಲೂ ಹೇಳುತ್ತಿದ್ದರು. ಬೆಂಗಳೂರು 612, ಭದ್ರಾವತಿ 675, ಧಾರವಾಡ 765, ಮಂಗಳೂರು 1089, ಗುಲ್ಬರ್ಗಾ 1107. ಈ ಎಲ್ಲ ಸಂಖ್ಯೆಗಳೂ ಒಂಬತ್ತರಿಂದ ಭಾಗವಾಗುತ್ತವೆ. ರಾತ್ರಿಯ ಹೊತ್ತು ಮಧ್ಯಮ ತರಂಗ ದೇಶದ ಗಡಿಗಳನ್ನು ಲೆಕ್ಕಿಸದೆ ಹಾರುವುದರಿಂದ, ಕೇಂದ್ರಗಳು ಒಂದರ ಮೇಲೊಂದು ಬೀಳದಿರಲೆಂದು ಹಲವು ದೇಶಗಳು ಜಿನೀವಾದಲ್ಲಿ ಕೂತು ಒಪ್ಪಂದ ಮಾಡಿಕೊಂಡವು. 1978ರ ನವೆಂಬರ್ 23ರಿಂದ ಏಷ್ಯಾ, ಆಫ್ರಿಕಾ, ಯೂರೋಪುಗಳಲ್ಲಿ ಕೇಂದ್ರಗಳಿಗೆ 9 ಕಿಲೋಹರ್ಟ್ಸಿನ ಅಂತರದಲ್ಲಿ ಜಾಗ ನಿಗದಿಯಾಯಿತು. ಕನ್ನಡದ ದನಿಗೆ ಆಕಾಶದಲ್ಲಿ ಸಿಕ್ಕ ವಿಳಾಸಗಳು ಇವು.

ಅರಳಿಕಟ್ಟೆಯ ಕಿವಿ

ಸ್ವಾತಂತ್ರ್ಯ ಬಂದ ಮೇಲೆ ಹಳ್ಳಿಗಳಿಗೆ ಸಾಮೂಹಿಕ ರೇಡಿಯೋ ಒದಗಿಸುವ ಸರ್ಕಾರಿ ಯೋಜನೆಗಳು ಬಂದವು. ಪಂಚಾಯಿತಿ ಕಟ್ಟಡದಲ್ಲಿ ಪೆಟ್ಟಿಗೆ, ಹೊರಗೆ ಧ್ವನಿವರ್ಧಕ, ಸಂಜೆಯಾದರೆ ಅರಳಿಕಟ್ಟೆಯ ಸುತ್ತ ಜನ. ಓದು ಬರಹ ಬಾರದವರು ಬಹುಸಂಖ್ಯೆಯಲ್ಲಿದ್ದ ಆ ಕಾಲದಲ್ಲಿ ಪತ್ರಿಕೆಯನ್ನು ಒಬ್ಬರು ಓದಿ ಹೇಳಬೇಕಿತ್ತು. ರೇಡಿಯೋಕ್ಕೆ ಅಂಥ ನಡುವಿನವರು ಬೇಕಿರಲಿಲ್ಲ. ಕೂಲಿಯಾಳಿಗೂ ಜಮೀನ್ದಾರನಿಗೂ ಸುದ್ದಿ ಒಂದೇ ಗಳಿಗೆಯಲ್ಲಿ ಮುಟ್ಟುತ್ತಿತ್ತು. ಸುದ್ದಿ ಮೇಲಿನಿಂದ ಕೆಳಗೆ ತಡವಾಗಿ ಸೋರಿ ಬರುತ್ತಿದ್ದ ಊರುಗಳಲ್ಲಿ ಇದು ಸಣ್ಣ ಬದಲಾವಣೆಯೇನಲ್ಲ.

1960ರ ದಶಕದಲ್ಲಿ ಎರಡು ಸಂಗತಿಗಳು ಒಟ್ಟಿಗೆ ನಡೆದವು. ಒಂದು, ದೇಶದಲ್ಲಿ ಆಹಾರ ಬೆಳೆ ಹೆಚ್ಚಿಸಲು ಆಯ್ದ ಜಿಲ್ಲೆಗಳಲ್ಲಿ ಆರಂಭವಾದ ಸಾಂದ್ರ ಕೃಷಿ ಕಾರ್ಯಕ್ರಮಕ್ಕೆ ಆಗಿನ ಮೈಸೂರು ರಾಜ್ಯದಿಂದ ಮಂಡ್ಯ ಆಯ್ಕೆಯಾಯಿತು. ಹೊಸ ತಳಿ, ಗೊಬ್ಬರ, ಕೀಟನಾಶಕಗಳ ಮಾಹಿತಿಯನ್ನು ಸಾವಿರಾರು ರೈತರಿಗೆ ಬೇಗ ತಲುಪಿಸಬೇಕಿತ್ತು. 1966ರಲ್ಲಿ ಆಕಾಶವಾಣಿ ಆಯ್ದ ಕೇಂದ್ರಗಳಲ್ಲಿ ರೈತರಿಗೆಂದೇ ಪ್ರತ್ಯೇಕ ವಿಭಾಗ ತೆರೆಯಿತು. ನೆರೆರಾಜ್ಯದ ತಂಜಾವೂರಿನಲ್ಲಿ ರೇಡಿಯೋ ಕೇಳಿ ಬೆಳೆದ ಎಡಿಟಿ-27 ಭತ್ತಕ್ಕೆ ರೈತರು ‘ರೇಡಿಯೋ ಭತ್ತ’ ಎಂದೇ ಹೆಸರಿಟ್ಟರು. ಎರಡನೆಯದು, ಟ್ರಾನ್ಸಿಸ್ಟರ್. 1954ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಸ್ಥಾಪನೆಯಾದ ಬಿಇಎಲ್ 1960ರ ದಶಕದಲ್ಲಿ ಟ್ರಾನ್ಸಿಸ್ಟರುಗಳನ್ನು ತಯಾರಿಸತೊಡಗಿತು. ಕವಾಟದ ಪೆಟ್ಟಿಗೆ ಕರಗಿ ಕಂಕುಳಲ್ಲಿ ಹಿಡಿಯುವಷ್ಟಾಯಿತು. ಟಾರ್ಚಿನ ಸೆಲ್ಲು ಸಾಕು, ಕರೆಂಟಿನ ಹಂಗಿಲ್ಲ, ಏರಿಯಲ್ಲಿನ ಹಂಗೂ ಇಲ್ಲ.

ಈಗ ದನಿ ಅರಳಿಕಟ್ಟೆಯಿಂದ ಹೊಲಕ್ಕೆ ಇಳಿಯಿತು. ನಾಟಿ ಗದ್ದೆಯ ಬದುವಿನಲ್ಲಿ, ರಾತ್ರಿಯಿಡೀ ಕೊಪ್ಪರಿಗೆ ಕುದಿಯುವ ಆಲೆಮನೆಯ ಕಂಬದಲ್ಲಿ, ಎತ್ತಿನಗಾಡಿಯ ಮೂಕಿಯಲ್ಲಿ ಅದು ನೇತಾಡಿತು. ಬೆಳಗಿನ ವಾರ್ತೆ, ಪ್ರದೇಶ ಸಮಾಚಾರ, ಕೃಷಿರಂಗ, ಪೇಟೆ ಧಾರಣೆ, ಮಳೆಗಾಲದಲ್ಲಿ ಕನ್ನಂಬಾಡಿಯ ನೀರಿನ ಮಟ್ಟ. ‘ಆಕಾಶವಾಣಿ ಈರಣ್ಣ’ ಎಂದೇ ಮನೆಮಾತಾದ ಎ.ಎಸ್. ಮೂರ್ತಿ ಅವರ ದನಿಯನ್ನು ಹಳ್ಳಿಯ ಜನ ತಮ್ಮೂರಿನ ಹಿರಿಯನ ದನಿಯೆಂಬಂತೆ ಕೇಳಿದರು.

ದನಿ ಮಂದವಾದರೆ ರೇಡಿಯೋವನ್ನು ಸ್ವಲ್ಪ ತಿರುಗಿಸಬೇಕೆಂದು ಆ ಕಾಲದ ಎಲ್ಲರಿಗೂ ಗೊತ್ತಿತ್ತು. ಪೆಟ್ಟಿಗೆಯೊಳಗೆ ತಂತಿ ಸುತ್ತಿದ ಫೆರೈಟ್ ಕಡ್ಡಿಯೊಂದಿರುತ್ತದೆ. ಅದರ ಮೈ ಅಲೆ ಬರುವ ದಿಕ್ಕಿಗೆ ಅಡ್ಡಲಾಗಿದ್ದರೆ ದನಿ ಗಟ್ಟಿ, ತುದಿ ಆ ದಿಕ್ಕಿಗೆ ಮುಖ ಮಾಡಿದರೆ ಕ್ಷೀಣ. ಶಾಲೆಯ ಮೆಟ್ಟಿಲು ಹತ್ತದ ಕೈಗಳೂ ಬೆಂಗಳೂರು ಯಾವ ದಿಕ್ಕಿಗಿದೆ ಎಂಬುದನ್ನು ಹೀಗೆ ಅರಿತಿದ್ದವು. ಮುಂಗಾರಿನ ಮೊದಲ ಸಿಡಿಲಿನ ಗರಗರ ಸದ್ದು ಮೋಡ ಕಾಣುವ ಮೊದಲೇ ರೇಡಿಯೋದಲ್ಲಿ ಕೇಳಿಸುತ್ತಿತ್ತು. ಸಿಡಿಲೂ ಒಂದು ಪ್ರೇಷಕವೇ. ಅದರ ಅಲೆಗಳು ಮಧ್ಯಮ ತರಂಗದ ದಾರಿಯಲ್ಲೇ ಬರುತ್ತವೆ.

ಹೊತ್ತು ಮುಳುಗಿದ ಮೇಲೆ

ಹಗಲೆಲ್ಲ ಬೆಂಗಳೂರು ಒಂದೇ ಸ್ಪಷ್ಟವಾಗಿ ಕೇಳುತ್ತಿದ್ದ ಮಧ್ಯಮ ತರಂಗದ ಪಟ್ಟಿಯಲ್ಲಿ ಸಂಜೆಯ ಬಳಿಕ ಜಾತ್ರೆ ನೆರೆಯುತ್ತಿತ್ತು. 720ರಲ್ಲಿ ಮದರಾಸು, 738ರಲ್ಲಿ ಹೈದರಾಬಾದು, 765ರಲ್ಲಿ ಧಾರವಾಡ, 936ರಲ್ಲಿ ತಿರುಚ್ಚಿ. ಮುಳ್ಳು ಒಂದು ಕೂದಲೆಳೆ ಸರಿದರೆ ಭಾಷೆ ಬದಲು.

ಕಾರಣ ಮಾರ್ಕೋನಿಯ ಹಡಗಿನಲ್ಲಿ ಕಂಡದ್ದೇ. ಅಯಾನುಗೋಳದ ಅತಿ ಕೆಳಗಿನ ಭಾಗ, ಸುಮಾರು 60ರಿಂದ 90 ಕಿಲೋಮೀಟರ್ ಎತ್ತರದ ‘ಡಿ’ ಪದರ, ಬಿಸಿಲಿನಲ್ಲಿ ಮಾತ್ರ ಬಲವಾಗಿರುತ್ತದೆ. ಮಧ್ಯಮ ತರಂಗ ಅಲ್ಲಿಗೆ ಏರಿದಾಗ ಅಲ್ಲಿನ ಎಲೆಕ್ಟ್ರಾನುಗಳನ್ನು ಅಲುಗಿಸುತ್ತದೆ. ಅಲುಗಿದ ಎಲೆಕ್ಟ್ರಾನುಗಳು ದಟ್ಟವಾದ ಗಾಳಿಯ ಕಣಗಳಿಗೆ ಡಿಕ್ಕಿ ಹೊಡೆದು ಆ ಶಕ್ತಿಯನ್ನು ಶಾಖವಾಗಿ ಕಳೆದುಬಿಡುತ್ತವೆ. ಹೀಗಾಗಿ ಹಗಲಿನಲ್ಲಿ ಮೇಲೇರಿದ ಅಲೆ ಮರಳಿ ಬರುವುದಿಲ್ಲ. ಉಳಿಯುವುದು ನೆಲದಲೆ ಒಂದೇ. ಹೊತ್ತು ಮುಳುಗಿದ ಸ್ವಲ್ಪ ಹೊತ್ತಿನಲ್ಲೇ ಆ ಎಲೆಕ್ಟ್ರಾನುಗಳು ಮತ್ತೆ ಕಣಗಳನ್ನು ಸೇರಿ ‘ಡಿ’ ಪದರ ಕರಗುತ್ತದೆ. ಆಗ ಅಲೆ ಅದರ ಮೇಲಿನ ‘ಇ’ ಮತ್ತು ‘ಎಫ್’ ಪದರಗಳಿಗೆ ತಲುಪುತ್ತದೆ. ಗಾಳಿ ತೆಳುವಾದ ಆ ಎತ್ತರದಲ್ಲಿ ಡಿಕ್ಕಿಗಳು ಕಡಿಮೆ. ಅಲೆ ಹೆಚ್ಚು ನಷ್ಟವಿಲ್ಲದೆ ಬಾಗಿ ನೂರಾರು ಕಿಲೋಮೀಟರ್ ಆಚೆ ನೆಲಕ್ಕಿಳಿಯುತ್ತದೆ. ಕೇಂದ್ರದಿಂದ ನೂರಿನ್ನೂರು ಕಿಲೋಮೀಟರ್ ದೂರದ ಊರುಗಳಲ್ಲಿ ನೆಲದಲೆಯೂ ಆಕಾಶದಲೆಯೂ ಒಟ್ಟಿಗೆ ಬಂದು, ಒಮ್ಮೆ ಕೂಡಿ ಒಮ್ಮೆ ಕಳೆದು, ಹಾಡು ಉಬ್ಬಿ ಇಳಿದು ಉಬ್ಬುತ್ತದೆ. ಆಪಲ್ಟನ್ ಅಳೆದದ್ದು ಇಂಥದೇ ಏರಿಳಿತವನ್ನು.

ಇನ್ನೂ ದೂರದ ದನಿ ಶಾರ್ಟ್ ವೇವಿನದು. ಹೆಚ್ಚು ಆವರ್ತನದ ಆ ಅಲೆ ಹಗಲಿನಲ್ಲೂ ‘ಡಿ’ ಪದರವನ್ನು ತೂರಿ ‘ಎಫ್’ ಪದರದಿಂದ ಮರಳಬಲ್ಲದು. 1952ರಲ್ಲಿ ಕೇಂದ್ರ ಸಚಿವ ಬಿ.ವಿ. ಕೇಸ್ಕರ್ ಅವರ ಕಾಲದಲ್ಲಿ ಆಕಾಶವಾಣಿಯಿಂದ ಚಿತ್ರಗೀತೆಗಳು ಮರೆಯಾದಾಗ ಜನ ಮುಳ್ಳನ್ನು ರೇಡಿಯೋ ಸಿಲೋನಿನ ಕಡೆ ತಿರುಗಿಸಿದರು. ಎರಡನೆಯ ಮಹಾಯುದ್ಧದಲ್ಲಿ ಸೈನಿಕರಿಗಾಗಿ ಕೊಲಂಬೊ ಬಳಿ ನೆಟ್ಟ ಪ್ರೇಷಕ ಶಾಂತಿಕಾಲದಲ್ಲಿ ಹಾಡು ಹಂಚಿತು. ಕನ್ನಡ ಚಿತ್ರಗೀತೆಗಳೂ ಆ ಕೇಂದ್ರದಿಂದ ಬಂದವು. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಹುಟ್ಟಿದ್ದು ಈ ವಲಸೆಗೆ ಉತ್ತರವಾಗಿ.

ಉಳಿಸಿಕೊಳ್ಳಬೇಕಾದ ದಾರಿ

ಟಿವಿ, ಎಫ್‌ಎಂ, ಮೊಬೈಲು ಬಂದ ಮೇಲೆ ಮಧ್ಯಮ ತರಂಗ ಹಿಂದೆ ಸರಿಯಿತು. ಹೊಸ ಸಾಧನಗಳಲ್ಲಿ ದನಿ ಶುಭ್ರ, ಆಯ್ಕೆ ಅಪಾರ. ಎಲ್‌ಇಡಿ ಬಲ್ಬು, ಚಾರ್ಜರು, ಪಂಪ್‌ಸೆಟ್ಟಿನ ಸ್ಟಾರ್ಟರುಗಳ ಗದ್ದಲ ಮಧ್ಯಮ ತರಂಗವನ್ನೇ ಮೊದಲು ಕಾಡುತ್ತದೆ. ಹಳ್ಳಿಗೆ ಕರೆಂಟು ಬಂದದ್ದೇ ಹಳೆಯ ದನಿಗೆ ತೊಡಕಾಯಿತು.

ಆದರೆ ಕಡಿಮೆ ಆವರ್ತನದ ಅಲೆಯ ಗುಣ ಹಳತಾಗಿಲ್ಲ. ತಮಿಳುನಾಡಿನ ತಿರುನೆಲ್ವೇಲಿ ಬಳಿ 1990ರಿಂದ ಕೆಲಸ ಮಾಡುತ್ತಿರುವ ಐಎನ್‌ಎಸ್ ಕಟ್ಟಬೊಮ್ಮನ್ ನೆಲೆಯಿಂದ ನಮ್ಮ ನೌಕಾಪಡೆ ಜಲಾಂತರ್ಗಾಮಿಗಳಿಗೆ ಸಂದೇಶ ಕಳಿಸುವುದು ಇನ್ನೂ ಕೆಳಗಿನ ಆವರ್ತನಗಳಲ್ಲಿ. ಅಲ್ಲಿ ಅಲೆಯ ಉದ್ದ ಹದಿನೈದು ಕಿಲೋಮೀಟರಿಗೂ ಹೆಚ್ಚು. ಅಷ್ಟು ಉದ್ದದ ಅಲೆ ‘ಡಿ’ ಪದರದ ಒಳಕ್ಕೆ ಹೋಗುವುದೇ ಇಲ್ಲ. ಅದರ ತಳಕ್ಕೆ ತಾಗಿ ಮರಳುತ್ತದೆ. ನೆಲ ಮತ್ತು ಆ ತಳದ ನಡುವಿನ ಸಂದಿಯಲ್ಲಿ ಸಾವಿರಾರು ಕಿಲೋಮೀಟರ್ ಸಾಗಿ, ಉಪ್ಪುನೀರಿನೊಳಗೂ ಕೆಲವು ಮೀಟರ್ ಇಳಿಯುತ್ತದೆ. ಉಪಗ್ರಹಗಳ ಈ ಕಾಲದಲ್ಲೂ ಅದಕ್ಕೆ ಬದಲಿ ಸಿಕ್ಕಿಲ್ಲ. 2024ರ ಅಕ್ಟೋಬರಿನಲ್ಲಿ ತೆಲಂಗಾಣದ ವಿಕಾರಾಬಾದಿನಲ್ಲಿ ಇಂಥ ಎರಡನೆಯ ನೆಲೆಗೆ ಅಡಿಗಲ್ಲು ಬಿತ್ತು. ದೇಶದ ರಕ್ಷಣೆಗೆ ಬೇಕೆಂದು ಈ ವಿದ್ಯೆಗೆ ಹೊಸದಾಗಿ ಹಣ ಹಾಕುತ್ತಿರುವಾಗ, ಜನರ ದೈನಂದಿನ ಬದುಕಿಗೆ ಅದು ಬೇಡವೆನ್ನುವುದು ಸರಿಯಲ್ಲ.

200 ಕಿಲೋವ್ಯಾಟಿನ ಒಂದು ಮಧ್ಯಮ ತರಂಗ ಕೇಂದ್ರ ಹತ್ತಾರು ಜಿಲ್ಲೆಗಳನ್ನು ಒಂದೇ ಕಂಬದಿಂದ ಮುಟ್ಟುತ್ತದೆ. ಕೇಳುವವನಿಗೆ ಬೇಕಾದದ್ದು ಎರಡು ಸೆಲ್ಲು, ಅಗ್ಗದ ಒಂದು ಪೆಟ್ಟಿಗೆ. ಡೇಟಾ ಪ್ಯಾಕ್ ಬೇಡ, ಹತ್ತಿರದಲ್ಲಿ ಗೋಪುರ ಬೇಡ. ಪ್ರವಾಹ ಬಂದು ಮೊಬೈಲ್ ಗೋಪುರಗಳು ಮಲಗಿದ ದಿನವೂ ಅದು ಮಾತಾಡುತ್ತದೆ. ಇಂಥ ಕೇಂದ್ರವನ್ನು ಲಾಭನಷ್ಟದ ಲೆಕ್ಕದಲ್ಲಿ ಮಾತ್ರ ತೂಗಬಾರದು. ನಾಲೆಯಂತೆ, ರಸ್ತೆಯಂತೆ ಅದೂ ಊರಿನ ಆಸ್ತಿ. ಬೆಂಗಳೂರಿನ ಮಧ್ಯಮ ತರಂಗ ಕೇಂದ್ರದಿಂದ ಡಿಆರ್‌ಎಂ ಎಂಬ ಡಿಜಿಟಲ್ ಪ್ರಸಾರವೂ ನಡೆದಿದೆ. ಹೊಸ ರೂಪದಲ್ಲಿ ಶುಭ್ರ ದನಿ ಬರುವುದಾದರೆ ಬರಲಿ. ಆದರೆ ಅದನ್ನು ಕೇಳಬಲ್ಲ ಅಗ್ಗದ ಸೆಟ್ಟುಗಳು ಮಂಡ್ಯದ ಸಂತೆಯಲ್ಲೂ ಸಿಗುವವರೆಗೆ ಹಳೆಯ ಪ್ರಸಾರ ನಿಲ್ಲಬಾರದು.

ಇನ್ನೊಂದು ಕೆಲಸ ನಮ್ಮ ಕೈಯಲ್ಲೇ ಇದೆ. ಪಂಚಾಯಿತಿ ರೇಡಿಯೋ ಕೇಳಿ ಬೆಳೆದವರು, ಕೃಷಿರಂಗ ಕೇಳಿ ತಳಿ ಬದಲಿಸಿದವರು, ರೇಡಿಯೋ ದುರಸ್ತಿಯಿಂದ ಸಂಸಾರ ಸಾಗಿಸಿದವರು ಈ ಮೂರು ತಾಲ್ಲೂಕುಗಳಲ್ಲಿ ಇನ್ನೂ ನಮ್ಮೊಂದಿಗಿದ್ದಾರೆ. ಶಿವನಸಮುದ್ರದ ಯಂತ್ರಗಳ ಇತಿಹಾಸ ಸರ್ಕಾರಿ ವರದಿಗಳಲ್ಲಿ ಉಳಿದಿದೆ. ಈ ಕೇಳುಗರ ಇತಿಹಾಸ ಅವರ ನೆನಪಿನಲ್ಲಿ ಮಾತ್ರ ಇದೆ. ಮಂಡ್ಯ, ಮದ್ದೂರು, ಮಳವಳ್ಳಿಯ ಕಾಲೇಜುಗಳು ತಮ್ಮ ವಿದ್ಯಾರ್ಥಿಗಳನ್ನು ಊರೂರಿಗೆ ಕಳಿಸಿ ಅದನ್ನು ದಾಖಲಿಸಬೇಕು. ಭೌತಶಾಸ್ತ್ರದ ಹುಡುಗರು ಅಲೆಯ ಓಟವನ್ನು ಅಳೆಯಲಿ, ಇತಿಹಾಸದ ಹುಡುಗರು ಕೇಳಿದವರ ಮಾತನ್ನು ಬರೆಯಲಿ. ಒಂದು ನಾಡು ಹೇಗೆ ಎಚ್ಚೆತ್ತಿತು ಎಂಬುದನ್ನು ತಿಳಿಯಲು ಆ ಎರಡೂ ದಾಖಲೆ ನಮಗೆ ಬೇಕು.